ಡಬ್ಬಿಂಗ್ ವಿವಾದ (ಕನ್ನಡ)

ಪರಭಾಷೆಯ ಸಿನಿಮಾ, ಧಾರಾವಾಹಿಗಳಿಗೆ ಕನ್ನಡ ಮಾತು ಕೂರಿಸಿ ತೋರಿಸಬಹುದೇ ಎಂಬುದರ ಬಗ್ಗೆ 1960ರ ದಶಕದಿಂದ ನಡೆದ ಜಗಳ. ಭಾಷೆಯ ಅಭಿಮಾನ ಮತ್ತು ಮಾರುಕಟ್ಟೆಯ ಲೆಕ್ಕ ಇಷ್ಟು ನೇರವಾಗಿ ಎದುರುಬದುರಾದ ಪ್ರಸಂಗ ಕರ್ನಾಟಕದಲ್ಲಿ ಅಪರೂಪ.

ಬಹುತೇಕ ಬರಹಗಳು ಇದನ್ನು ‘ಡಬ್ಬಿಂಗ್ ನಿಷೇಧ’ ಎನ್ನುತ್ತವೆ. ಆ ಹೆಸರೇ ಗೊಂದಲದ ಮೂಲ. ಡಬ್ಬಿಂಗ್ ತಡೆಯುವ ಕಾಯ್ದೆ ಯಾವ ಕಾಲಕ್ಕೂ ಇರಲಿಲ್ಲ. ಇದ್ದದ್ದು ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ, ಇತರರ ಮೇಲೂ ಹೇರಿದ ಕಟ್ಟುಪಾಡು. ಕನ್ನಡ ಚಳವಳಿಯ ಒತ್ತಡದಲ್ಲಿ ಹಂತಹಂತವಾಗಿ ನೆಲೆಯೂರಿದ ಇದಕ್ಕೆ ಒಂದೇ ತಾರೀಕು ಅಂಟಿಸುವುದೂ ಸರಿಯಲ್ಲ.

1960ರ ದಶಕದಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ತೆಲುಗಿನ 1957ರ ‘ಮಾಯಾಬಜಾರ್’ ಕನ್ನಡಕ್ಕೂ ಡಬ್ ಆಗಿತ್ತು. ಡಬ್ಬಿಂಗ್‌ಗೆ ಒಂದು ಕೋಣೆ, ಮೈಕು, ಕೆಲವೇ ಕಂಠಗಳು ಸಾಕು. ಮೂಲ ಚಿತ್ರವೆಂದರೆ ನಟರಿಂದ ಹಿಡಿದು ಲೈಟ್ ಹುಡುಗರು, ಅಡುಗೆಯವರ ತನಕ ನೂರಾರು ಜನರ ದಿನಗೂಲಿ. ಸಾಹಿತಿ ಅನಕೃ, ಹೋರಾಟಗಾರ ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿಯ ಕಾಲದ ವಿರೋಧದ ಹಿಂದೆ ಈ ಅನ್ನದ ಪ್ರಶ್ನೆಯೂ ಇತ್ತು. ಅದನ್ನು ಬರೀ ಭಾಷಾಭಿಮಾನವೆಂದು ಬರೆದು ಮುಗಿಸುವುದು ಅನ್ಯಾಯ.

ಮುಂದಿನ ದಶಕಗಳಲ್ಲಿ ರಿಮೇಕ್‌ಗಳು ಡಬ್ಬಿಂಗ್ ಚಿತ್ರಗಳ ಜಾಗ ತುಂಬಿದವು.

ತಿರುವು ಬಂದದ್ದು 2012ರಲ್ಲಿ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ದೂರಿಗಿಂತ ಆ ಹೆಸರು ಗಮನಿಸತಕ್ಕದ್ದು: ಅದುವರೆಗೆ ಅಭಿಮಾನಿ, ಪ್ರೇಕ್ಷಕ ಆಗಿದ್ದವನು ಇಲ್ಲಿ ಗ್ರಾಹಕ. ಎಲ್ಲವನ್ನೂ ಕನ್ನಡದಲ್ಲೇ ನೋಡುವ ಹಕ್ಕು ಅವನಿಗಿದೆ, ಡಬ್ಬಿಂಗ್ ಇಲ್ಲದಿದ್ದರೆ ಅವನು ತಮಿಳು, ಹಿಂದಿಯಲ್ಲೇ ನೋಡಿ ಕನ್ನಡದಿಂದ ದೂರವಾಗುತ್ತಾನೆ ಎಂಬುದು ಬೆಂಬಲಿಗರ ವಾದ. ಎರಡೂ ಬಣದವರು ಕನ್ನಡದ ಹೆಸರಿನಲ್ಲೇ ಮಾತಾಡಿದರು. ಒಬ್ಬರ ಕಣ್ಣು ದುಡಿಯುವವನ ಮೇಲೆ, ಇನ್ನೊಬ್ಬರದು ನೋಡುವವನ ಮೇಲೆ. 2014ರ ಜನವರಿಯಲ್ಲಿ ಚಿತ್ರರಂಗ ಬೆಂಗಳೂರಿನಲ್ಲಿ ಬೀದಿಗಿಳಿದು ಪ್ರತಿಭಟಿಸಿತು.

2015ರ ಜುಲೈನಲ್ಲಿ ಆಯೋಗ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಘಟನೆಗಳು 2002ರ ಸ್ಪರ್ಧಾ ಕಾಯ್ದೆಯನ್ನು ಮುರಿದಿವೆ ಎಂದು ತೀರ್ಮಾನಿಸಿ ದಂಡ ಹಾಕಿತು. ಅರ್ಧ ಶತಮಾನದ ಭಾಷಾ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವ್ಯಾಪಾರದ ಕಾನೂನಿನಲ್ಲಿ.

2017ರಲ್ಲಿ ಅಜಿತ್ ಅಭಿನಯದ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ವಿರೋಧದ ನಡುವೆಯೇ ತೆರೆಕಂಡಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಕಿರುತೆರೆಯಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡಿತು. ಅಷ್ಟರಲ್ಲಿ ಹರಿವು ಕನ್ನಡದಿಂದ ಹೊರಕ್ಕೂ ತಿರುಗಿತ್ತು: 2018ರ ಡಿಸೆಂಬರ್‌ನಲ್ಲಿ ತೆರೆಕಂಡ ಕನ್ನಡದ ‘ಕೆಜಿಎಫ್’, ಹಿಂದಿ, ತೆಲುಗು, ತಮಿಳು, ಮಲಯಾಳಂ ಪ್ರೇಕ್ಷಕರನ್ನು ತಲುಪಿದ್ದು ಇದೇ ಡಬ್ಬಿಂಗ್‌ನಿಂದ.