ರಾಯಚೂರಿನ ಬಿಸಿಲು, ಟಮಾಟಿಯ ರಾತ್ರಿ

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ನೆರವಿಗೆ ಪೋರ್ಚುಗೀಸ್ ಕೋವಿಕಾರರಿದ್ದರು. ನ್ಯೂನಿಜ್ ಬರೆದಿಟ್ಟ ಈ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದೇ ವರ್ಷ ಮೆಕ್ಸಿಕೊದಲ್ಲಿ ಕೊರ್ಟೆಸ್‌ನ ಸ್ಪ್ಯಾನಿಷ್ ಪಡೆ ಅಜ್ಟೆಕರ ರಾಜಧಾನಿಯೊಳಗೆ ಬೀಡುಬಿಟ್ಟಿತ್ತು. ಅಲ್ಲಿನ ಜನ ‘ತೊಮಾತ್ಲ್’ ಎಂದು ಕರೆಯುತ್ತಿದ್ದ ಹಣ್ಣೇ ಇಂದು ನಮ್ಮ ಬಾಯಲ್ಲಿ ಟಮಾಟಿ. ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೂ 19ನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ವಾಟ್ ಬರೆಯುವಾಗಲೂ ಅದು ಇಲ್ಲಿ ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುವ ಬೆಳೆಯಾಗಿತ್ತು.

ಇಷ್ಟು ತಡವೇಕೆ? ನನಗೆ ಎರಡು ಕಾರಣ ಕಾಣುತ್ತವೆ. ಒಂದು ಅಡುಗೆಮನೆಯದು. ಹುಣಸೆಹಣ್ಣು, ಪುಂಡಿಪಲ್ಯ ಇರುವ ನಾಡಿಗೆ ಹುಳಿಯ ಕೊರತೆ ಇರಲಿಲ್ಲ. ಜೋಳದ ರೊಟ್ಟಿಗೆ ಇನ್ನೊಂದು ಹುಳಿ ಬೇಕೆಂದು ಯಾರೂ ಕಾದು ಕೂತಿರಲಿಲ್ಲ.

ಇನ್ನೊಂದು ಕಾರಣ ಹವೆಯದು. ಟಮಾಟಿ ಆಂಡೀಸ್ ಸೀಮೆಯ ಗಿಡ. ಹಗಲಿನ ಬಿಸಿಲನ್ನು ಒಂದಿಷ್ಟು ತಾಳಿಕೊಂಡರೂ ಅದಕ್ಕೆ ರಾತ್ರಿ ತಂಪಿರಬೇಕು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಸೊರಗಿ, ಹೂವು ಕಾಯಿಕಟ್ಟದೆ ಉದುರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ರಾಯಚೂರಿನಲ್ಲಿ ಇದು ದೊಡ್ಡ ತೊಡಕು. ಜೊತೆಗೆ ಬಿಳಿನೊಣ ಹರಡುವ ಎಲೆಮುದುಡು ರೋಗ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳು, ಹೆಸರಘಟ್ಟದ ಅರ್ಕಾ ರಕ್ಷಕ್ ಈ ರೋಗವನ್ನು ತಡೆದುಕೊಳ್ಳಬಲ್ಲವು. ಆದರೆ ರೋಗ ತಡೆದ ಮಾತ್ರಕ್ಕೆ ಸೆಕೆಯ ರಾತ್ರಿ ತಂಪಾಗುವುದಿಲ್ಲ. ಹಾಗಾಗಿ ಬಿಸಿಲನಾಡಿನಲ್ಲಿ ಮೊದಲ ಜಾಣತನ ತಿಂಗಳು ಆರಿಸುವುದರಲ್ಲಿದೆ: ಮಳೆಗಾಲದ ಕೊನೆಗೆ ಸಸಿಮಡಿ, ಡಿಸೆಂಬರ್-ಜನವರಿಯ ಚಳಿಗೆ ಹೂವು.

ಇಲ್ಲಿ ನೀರಿನ ಇತಿಹಾಸ ಅಡ್ಡ ಬರುತ್ತದೆ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮಾನ್ವಿಯನ್ನು ಹಾದು ರಾಯಚೂರಿನತ್ತ ಬರುತ್ತದೆ. ಅದರ ಮೂಲ ಯೋಜನೆಯಲ್ಲಿ ಹೆಚ್ಚಿನ ಪಾಲು ಕಡಿಮೆ ನೀರು ಬೇಡುವ ಬೆಳೆಗಳಿಗೆ ಮೀಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಮಾನ್ವಿ, ರಾಯಚೂರಿನ ಕೆಳಭಾಗದ ರೈತರಿಗೆ ನೀರು ಸಾಲದಾಯಿತು. ಕೃಷ್ಣೆಯ ಮಗ್ಗುಲಿನ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಇನ್ನೂ ಎಷ್ಟೋ ವರ್ಷಗಳ ನಂತರ.

ಮುಂಗಾರು ಬೆಳೆಯ ನೀರು ಮುಗಿಯುವ ಹೊತ್ತಿಗೆ ಟಮಾಟಿಯ ಹೂವಿನ ಕಾಲ ಬಂದಿರುತ್ತದೆ. ಎರಡನೇ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ಜಲಾಶಯದ ಮಟ್ಟ ನೋಡಿ ತೀರ್ಮಾನಿಸುತ್ತದೆ. ಸಸಿಮಡಿ ಮಾಡುವ ರೈತ ಅಷ್ಟು ದಿನ ಕಾಯುವಂತಿಲ್ಲ. ಸ್ವಂತ ಬಾವಿ, ಬೋರ್‌ವೆಲ್, ಹನಿ ನೀರಾವರಿ ಇದ್ದವನು ಧೈರ್ಯ ಮಾಡುತ್ತಾನೆ. ಕಾಲುವೆಯನ್ನಷ್ಟೇ ನಂಬಿದ ಕೆಳಭಾಗದವನು ಹತ್ತಿಯಲ್ಲೇ ಉಳಿಯುತ್ತಾನೆ. ನಾವು ಸುಲಭವಾಗಿ ದೂರುವುದು ಬಿಸಿಲನ್ನು. ಆದರೆ ಡಿಸೆಂಬರಿನ ರಾತ್ರಿ ಮಾನ್ವಿಯಲ್ಲಿ ಎಲ್ಲ ಹೊಲಗಳಿಗೂ ಒಂದೇ ತಂಪು. ಆ ತಂಪಿನಲ್ಲಿ ಯಾರ ಗಿಡ ಕಾಯಿಕಟ್ಟಬೇಕೆಂಬುದು ಕಾಲುವೆಯ ಮೇಲ್ಭಾಗದಲ್ಲಿ ಮೊದಲೇ ನಿರ್ಧಾರವಾಗಿರುತ್ತದೆ.