ಓಲೆಕಟ್ಟುಗಳೂ ಕವಿಗಳ ಚರಿತೆಯೂ

ಹಳೆಯ ಓಲೆಕಟ್ಟೊಂದನ್ನು ಬಿಚ್ಚಿದವನ ಕೈಗೆ ಮೊದಲು ಹತ್ತುವುದು ಧೂಳು. ಕಣ್ಣಿಗಂತೂ ಏನೂ ಕಾಣಿಸದು. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರಗಳಲ್ಲಿ ತುಂಬಿದ್ದ ಮಸಿ ಕಾಲಕ್ರಮದಲ್ಲಿ ಉದುರಿಹೋಗಿ, ಗರಿಯೆಲ್ಲ ಒಂದೇ ಬಣ್ಣಕ್ಕೆ ತಿರುಗಿರುತ್ತದೆ. ಎಣ್ಣೆಯ ಬಟ್ಟೆಯಿಂದ ಅದನ್ನು ಮೆಲ್ಲಗೆ ಒರಸಿ, ಕಾಡಿಗೆಯನ್ನು ಬೆರಳಿನಿಂದ ತೀಡಿ, ಮತ್ತೊಮ್ಮೆ ಒರಸಿದಾಗ ಸಾಲುಗಳು ಒಂದೊಂದಾಗಿ ಮೇಲೇಳುತ್ತವೆ. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಪದ್ಯವೂ ಗದ್ಯದಂತೆಯೇ ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಹರಿದಿರುತ್ತದೆ. ಎಕಾರ ಒಕಾರಗಳಲ್ಲಿ ಹ್ರಸ್ವದೀರ್ಘಗಳ ಭೇದವನ್ನು ಲಿಪಿಕಾರನು ತೋರಿಸಿರುವುದಿಲ್ಲ. ಇಂತಹ ಕಟ್ಟನ್ನು ಎದುರಿಗಿಟ್ಟುಕೊಂಡು, ಗ್ರಂಥದ ಹೆಸರು, ಕರ್ತೃವಿನ ಹೆಸರು, ಗರಿಗಳ ಸಂಖ್ಯೆ, ಪಾರ್ಶ್ವಕ್ಕೆ ಎಷ್ಟು ಸಾಲು, ಲಿಪಿ ಯಾವುದು, ಕೃತಿ ಸಮಗ್ರವೋ ಅಸಮಗ್ರವೋ, ಆದಿ ಹೇಗೆ, ಅಂತ್ಯ ಹೇಗೆ ಎಂಬಿಷ್ಟನ್ನು ನಿಷ್ಕೃಷ್ಟವಾಗಿ ಬರೆದಿಡುವುದೇ ಗ್ರಂಥಸೂಚಿಕಾರನ ಕಾಯಕ. ಇದರಲ್ಲಿ ಒಂದು ದಾರುಣವಾದ ತೊಡಕುಂಟು. ಕಟ್ಟಿನ ಮೇಲಣ ಗರಿಯೂ ಕೆಳಗಣ ಗರಿಯೂ ಕಟ್ಟಿಗೆ ಹೊದಿಸಿದ ಹಲಗೆಗಳಿಗೆ ಉಜ್ಜಿ ಎಲ್ಲಕ್ಕಿಂತ ಮೊದಲು ಮುರಿಯುತ್ತವೆ. ಕವಿಯು ತನ್ನ ಹೆಸರನ್ನೂ, ಗುರುವನ್ನೂ, ಆಶ್ರಯದಾತನನ್ನೂ, ಲಿಪಿಕಾರನು ತನ್ನ ಸಂವತ್ಸರ ತಿಥಿಗಳನ್ನೂ ಹೇಳಿಕೊಳ್ಳುವುದು ಬಹುಮಟ್ಟಿಗೆ ಆ ಗರಿಗಳಲ್ಲಿಯೇ. ನಮ್ಮ ಸಾಹಿತ್ಯದಲ್ಲಿ ಕರ್ತೃವಿನ ಹೆಸರು ತಿಳಿಯದ ಕೃತಿಗಳು ಇಷ್ಟೊಂದು ಇರುವುದಕ್ಕೆ ಕವಿಗಳ ವಿನಯಕ್ಕಿಂತ ಹಲಗೆಯ ಉಜ್ಜುವಿಕೆಯೇ ಹೆಚ್ಚಿನ ಕಾರಣವೆಂದು ನನಗೆ ತೋರುತ್ತದೆ.

ಪುಸ್ತಕಗಳನ್ನು ಕಾಯುವ ವೃತ್ತಿ ಈ ನಾಡಿಗೆ ಹೊಸದಲ್ಲ. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ದೊರೆತ, 1058ರ ಕಾಲದ ಚಾಳುಕ್ಯ ಶಾಸನವು ಅಲ್ಲಿನ ಘಟಿಕಾಸ್ಥಾನದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವೃತ್ತಿಯನ್ನು ಗೊತ್ತುಮಾಡುವಾಗ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಮರೆಯದೆ ಹೆಸರಿಸುತ್ತದೆ. ಒಂದು ವಿದ್ಯಾಸ್ಥಾನದ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಜನ ಬೇಕೆಂದು ತಿಳಿದ ಕಾಲವದು! ಅದಕ್ಕೂ ಹಲವು ದಶಕಗಳ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಅತ್ತಿಮಬ್ಬೆಯ ಪುಣ್ಯವನ್ನು ಎಷ್ಟು ಸ್ಮರಿಸಿದರೂ ಕಡಮೆಯೇ.

ಆದರೆ ಕಾಯುವುದು ಬೇರೆ, ಪಟ್ಟಿಮಾಡಿ ಲೋಕಕ್ಕೆ ತಿಳಿಸುವುದು ಬೇರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇಂಗ್ಲಿಷರ ಕೈಸೇರಿದ ಟಿಪ್ಪುಸುಲ್ತಾನನ ಪುಸ್ತಕಭಂಡಾರಕ್ಕೆ ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸನು ರಚಿಸಿದ ವಿವರಣಾತ್ಮಕ ಸೂಚಿಯು 1809ರಲ್ಲಿ ಅಚ್ಚಾದುದು ಕೇಂಬ್ರಿಜ್ಜಿನಲ್ಲಿ. ಪಾರಸಿ, ಅರಬ್ಬಿ ಮೊದಲಾದ ಭಾಷೆಗಳ ಆ ಸುಮಾರು ಎರಡು ಸಾವಿರ ಸಂಪುಟಗಳ ವಿವರ ದೊರೆಯಿತು, ಪುಸ್ತಕಗಳು ಮಾತ್ರ ದೇಶಾಂತರಗಳಿಗೆ ಚದುರಿದುವು. ಮೈಸೂರು ಸೀಮೆಯನ್ನು ಅಳೆಯಲು ಬಂದ ಕರ್ನಲ್ ಮೆಕೆಂಜಿಯು ಊರೂರುಗಳಿಂದ ಸ್ಥಳವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಓಲೆಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಸಿದನು. ಅವನು 1821ರಲ್ಲಿ ತೀರಿಕೊಂಡ ಮೇಲೆ ವಿಲ್ಸನ್ ಪಂಡಿತನು ಆ ಸಂಗ್ರಹದ ಸೂಚಿಯನ್ನು 1828ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದನು. ನಮ್ಮ ಭಂಡಾರಗಳ ವಿವರವನ್ನು ನಾವು ಪರಸ್ಥಳಗಳಲ್ಲಿ ಅಚ್ಚಾದ ಪುಸ್ತಕಗಳಿಂದ ತಿಳಿಯಬೇಕಾಗಿದ್ದ ಆ ಸ್ಥಿತಿಯು ನೆನೆದರೆ ಮನಸ್ಸನ್ನು ನೋಯಿಸುತ್ತದೆ.

ಆ ಸ್ಥಿತಿ ಬದಲಾಗತೊಡಗಿದುದು 19ನೆಯ ಶತಮಾನದ ಕೊನೆಯ ಪಾದದಲ್ಲಿ. ಲೂಯಿ ರೈಸ್ ಅವರು ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು 1884ರಲ್ಲಿ ಬೆಂಗಳೂರಿನಿಂದಲೇ ಹೊರಡಿಸಿದರು. 1891ರಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ಮಠಗಳಿಂದ, ಬಸದಿಗಳಿಂದ, ವೈದಿಕರ ಮನೆಗಳ ಅಟ್ಟಗಳಿಂದ ಓಲೆಕಟ್ಟುಗಳು ಒಂದು ಸೂರಿನಡಿಗೆ ಬಂದು ಸೇರಲು, ಅವಕ್ಕೆ ಸಂಖ್ಯೆಯೂ ವಿವರವೂ ಬೀಳಲು ಅವಕಾಶವಾಯಿತು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಕಟ್ಟೊಂದನ್ನು ಆ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಪರೀಕ್ಷಿಸಿ, ಶತಮಾನಗಳಿಂದ ಹೆಸರಾಗಿ ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗುರುತಿಸಿ, 1909ರಲ್ಲಿ ಪ್ರಕಟಿಸಿದುದು ಲೋಕಪ್ರಸಿದ್ಧವಾದ ಸಂಗತಿ. ಅದನ್ನು ದೈವಯೋಗವೆಂದು ಹೊಗಳುವವರುಂಟು. ಬಂದ ಕಟ್ಟನ್ನು ಬಿಚ್ಚಿ ಓದದೆ ಕಪಾಟಿನಲ್ಲಿಡಬಾರದೆಂಬ ನಿಷ್ಠೆ ಇಲ್ಲದಿದ್ದರೆ ದೈವವಾದರೂ ಏನು ಮಾಡಬಲ್ಲುದು?

ಕನ್ನಡದ ಮಟ್ಟಿಗೆ ಈ ನಿಷ್ಠೆಯ ಮಹಾಫಲವೆಂದರೆ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ. ಅದರ ಮೊದಲ ಸಂಪುಟವು 1907ರಲ್ಲಿಯೂ, ಎರಡನೆಯದು 1919ರಲ್ಲಿಯೂ, ಮೂರನೆಯದು 1929ರಲ್ಲಿಯೂ ಹೊರಬಂದುವು. ಮೊದಲನೆಯದರಿಂದ ಮೂರನೆಯದಕ್ಕೆ ಇಪ್ಪತ್ತೆರಡು ವರ್ಷ. ಕಥನಕ್ಕಾಗಿ ಅದನ್ನು ಕೈಗೆತ್ತಿಕೊಂಡವರಿಗೆ ನಿರಾಶೆಯಾದೀತು. ಅದರ ಮೈಯೆಲ್ಲ ಸೂಚಿಯ ಮೈ. ಕವಿಯ ಹೆಸರು, ಕಾಲ, ಮತ, ಗ್ರಂಥ, ಗುರು, ಪೋಷಕ, ಪ್ರಕರಣಗಳ ಸಂಖ್ಯೆ, ಆ ಬಳಿಕ ಕಾವ್ಯದಿಂದ ಆಯ್ದ ಕೆಲವು ಪದ್ಯಗಳು — ಹೀಗೆ ಒಬ್ಬರಾದ ಮೇಲೊಬ್ಬರು ಬಂದು ನಿಲ್ಲುತ್ತಾರೆ. ಆದರೆ ಆ ಕಾಲನಿರ್ಣಯದ ಹಿಂದಿರುವ ಪರಿಶ್ರಮವನ್ನು ಬಲ್ಲವರೇ ಬಲ್ಲರು. ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವುದು ನಮ್ಮವರ ಸಂಪ್ರದಾಯವಷ್ಟೆ. ಪಂಪನನ್ನು ಸ್ಮರಿಸಿದವನು ಪಂಪನಿಗಿಂತ ಈಚಿನವನು, ತನ್ನನ್ನು ಸ್ಮರಿಸಿದವನಿಗಿಂತ ಅವನು ಹಿಂದಿನವನು. ಈ ನೂಲನ್ನು ಹಿಡಿದು, ಪ್ರಾಚ್ಯಶೋಧನ ಇಲಾಖೆಯ ಅಧಿಕಾರಿಯಾಗಿ ತಾವೇ ಓದಿದ ಶಾಸನಗಳ ರಾಜರೊಡನೆಯೂ ಮಂತ್ರಿಗಳೊಡನೆಯೂ ಕವಿಗಳನ್ನು ಹೊಂದಿಸಿ ನೋಡಿ, ಆಚಾರ್ಯರು ಒಬ್ಬೊಬ್ಬನನ್ನೂ ಅವನವನ ಶತಮಾನದಲ್ಲಿ ಕುಳ್ಳಿರಿಸಿದರು. ಮುಂದೆ ಹೊಸ ಪ್ರತಿಗಳು ದೊರೆತು ಕೆಲವು ನಿರ್ಣಯಗಳು ತಿದ್ದುಪಾಟಾಗಿವೆ. ಮೊದಲ ಸಂಪುಟವನ್ನು ಅವರೇ ಪರಿಷ್ಕರಿಸಿ ಮತ್ತೆ ಅಚ್ಚುಮಾಡಿಸಿದರು. ಆದರೂ ಕನ್ನಡ ಸಾಹಿತ್ಯಚರಿತ್ರೆಯೆಂದು ಈಚೆಗೆ ಬಂದುದೆಲ್ಲ ಆ ಮೂರು ಸಂಪುಟಗಳ ಋಣವನ್ನು ಹೊತ್ತೇ ನಿಂತಿದೆಯೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಕರಾವಳಿಯಲ್ಲಿ ಕೆಲಸ ಇನ್ನೂ ನಿಧಾನವಾಗಿ ನಡೆಯಿತು. ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ದರ್ಶನದ ವಸ್ತುವಾಗಿ, ಪೂಜೆಯ ವಸ್ತುವಾಗಿ ಇದ್ದುವೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅವುಗಳಿಂದ ಪ್ರತಿ ತೆಗೆಯಲು ಆರಂಭವಾಗಿ, 1939ರಿಂದ ಅವು ಅಚ್ಚಾಗತೊಡಗಿದುವು. ಮುಂದೆ ವಿದ್ಯಾಭೂಷಣ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿನ ಮತ್ತು ಸುತ್ತಣ ಊರುಗಳ ಜೈನ ಭಂಡಾರಗಳ ಕಟ್ಟುಗಳನ್ನು ಬಿಚ್ಚಿ ನೋಡಿ ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿತು. ಭಕ್ತಿಯು ಗ್ರಂಥಗಳನ್ನು ಉಳಿಸಿತು, ಸೂಚಿಯು ಅವುಗಳನ್ನು ಓದುವವರ ಕೈಗೆ ತಲಪಿಸಿತು. ಎರಡಕ್ಕೂ ನಾವು ಕೃತಜ್ಞರು.

ಓಲೆಯನ್ನು ಬರೆದು ಮುಗಿಸಿದ ಲಿಪಿಕಾರನು, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಈ ಪುಸ್ತಕವನ್ನು ಕಾಪಾಡಿರೆಂದು ಕೊನೆಯ ಗರಿಯಲ್ಲಿ ಬೇಡಿಕೊಳ್ಳುವುದುಂಟು. ಆ ಬೇಡಿಕೆ ಇಂದಿಗೂ ನಮ್ಮ ಮನೆಬಾಗಿಲಲ್ಲಿ ನಿಂತಿದೆ. ಹಿರಿಯರ ಮನೆಯ ಅಟ್ಟದ ಮೇಲೆ, ದೇವರ ಪೆಟ್ಟಿಗೆಯ ತಳದಲ್ಲಿ, ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟು ಇದ್ದರೆ, ವಾಚಕರೇ, ಅದನ್ನು ಹೊಳೆಗೆ ಬಿಡಬೇಡಿರಿ, ಗೆದ್ದಲಿಗೂ ಬಿಡಬೇಡಿರಿ. ಓದಬಲ್ಲ ವಿದ್ವಾಂಸರಿಗೆ ತೋರಿಸಿರಿ; ಕೊಡಲು ಮನಸ್ಸಿಲ್ಲದಿದ್ದರೆ ಚಿಂತೆಯಿಲ್ಲ, ನಿಮ್ಮಲ್ಲಿಯೇ ಇರಲಿ, ಆದರೆ ಅದರ ಹೆಸರೂ ಗರಿಗಳ ಸಂಖ್ಯೆಯೂ ಯಾವುದಾದರೊಂದು ಸೂಚಿಯಲ್ಲಿ ದಾಖಲಾಗುವಂತೆ ಮಾಡಿರಿ.