ತುಂಗಭದ್ರೆಯ ಹರಿಗೋಲು ಮತ್ತು ಅದರ ಹುಟ್ಟು

 ತಮಿಳುನಾಡಿನ ಕಂಬಂ ಕಣಿವೆಯಲ್ಲಿ ನೆಲೆಸಿರುವ ಕನ್ನಡ ಮಾತಿನ ಕಪ್ಪಿಲಿಯರೆಂಬ ಸಮುದಾಯದಲ್ಲಿ ತಮ್ಮ ಹಿರಿಯರು ತುಂಗಭದ್ರೆಯ ದಡದಿಂದ ಬಂದವರೆಂಬ ಐತಿಹ್ಯವಿದ್ದು, 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕುರಿತ ಎಡ್ಗರ್ ಥರ್ಸ್ಟನ್ನನ ಗ್ರಂಥದಲ್ಲೂ ಅದು ದಾಖಲಾಗಿದೆ. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲವಾದರೂ, ಆ ನದಿಯನ್ನು ಜನ ಹೇಗೆ ದಾಟುತ್ತಿದ್ದರೆಂಬುದಕ್ಕೆ ಗಟ್ಟಿ ಸಾಕ್ಷ್ಯವುಂಟು.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಎದುರು ದಡದ ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಇರುವ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಯುತ್ತಿದ್ದರೆಂದೂ, ಅವು ನೇರವಾಗಿ ಸಾಗದೆ ಸದಾ ಸುತ್ತುತ್ತಿದ್ದವೆಂದೂ ಬರೆದಿದ್ದಾನೆ. ಇವೇ ಹರಿಗೋಲುಗಳು. ಅವುಗಳನ್ನು ನಡೆಸುವ ಹುಟ್ಟಿಗೆ, ಅಂದರೆ ಹಿಡಿಯ ತುದಿಯಲ್ಲಿ ಅಗಲವಾದ ಅಲಗಿರುವ ಮರದ ಸಾಧನಕ್ಕೆ, ಅವನು ಕೊಟ್ಟಿರುವುದು ಕೆಲವೇ ಮಾತು. ನಂತರದವರೂ ದೋಣಿಯ ವಿಚಿತ್ರ ಆಕಾರಕ್ಕೆ ಮರುಳಾದಷ್ಟು ಹುಟ್ಟಿನ ಕಡೆಗೆ ಗಮನಹರಿಸಿದಂತೆ ತೋರುವುದಿಲ್ಲ.

ಹರಿಗೋಲು ನಡೆಸುವ ಕಸುಬಿನ ನಿಜವಾದ ಜಾಣ್ಮೆ ಇರುವುದಾದರೂ ಹುಟ್ಟಿನಲ್ಲಿಯೇ. ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟಿನಿಂದ ನಡೆಸುವ ಕಯಾಕಿಗಾಗಲಿ, ಒಂದೇ ಅಲಗಿನ ಹುಟ್ಟು ಸಾಕಾಗುವ ಕನೂವಿಗಾಗಲಿ ನೀಳವಾದ ಒಡಲಿರುವುದರಿಂದ ಅವು ತಾವಾಗಿಯೇ ದಿಕ್ಕು ಹಿಡಿಯುತ್ತವೆ. ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ, ಆದ್ದರಿಂದ ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ಮುಂದೆ ಹೋಗುವ ಬದಲು ಬುಗುರಿಯಾಗುತ್ತದೆ. ಹೀಗಾಗಿ ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಲಗನ್ನು ಹೊರಳಿಸಿ ಸುತ್ತನ್ನು ಸರಿದೂಗಿಸುತ್ತಾನೆ. ನೀರು ಆಳವಿಲ್ಲದೆಡೆ ಬಿದಿರಿನ ಗಳವನ್ನು ತಳಕ್ಕೆ ಊರುವುದೂ ಉಂಟು.

1803ರ ಮರಾಠಾ ಯುದ್ಧದ ವೇಳೆ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯೂ ಸೇನೆಯನ್ನು ನದಿ ದಾಟಿಸಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದನು. ಕಾಲಕ್ರಮದಲ್ಲಿ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಬಂದಿತು, ಕೆಲವೆಡೆ ಬಿದಿರಿನ ದಬ್ಬೆಯ ಬದಲು ಫೈಬರ್ ಬಂದಿತು. ಕಾವೇರಿಯ ಹೊಗೇನಕಲ್ಲಿನಲ್ಲಿ ಕನ್ನಡ ಮತ್ತು ತಮಿಳು ದಡಗಳೆರಡರಿಂದಲೂ ಪ್ರವಾಸಿಗರನ್ನು ಕೂರಿಸಿಕೊಂಡು ಹೊರಡುವ ಹರಿಗೋಲುಗಳಲ್ಲಿ ಮಾತ್ರ ಇಂದಿಗೂ ಕಾಣುವುದು ಒಂಟಿ ಅಲಗಿನ ಹುಟ್ಟೇ.